ಚಲೋ ನೀರಿನ ಗ್ಲಾಸು

ಮೊಮ್ಮಕ್ಕಳೇ, ಸೌಮ್ಯ, ವೀರೇಶ, ಕೇಳಿ: ನಮ್ಮ ಮೇಡಂ ಅವರ ಬೆರಳುಗಳಿಗೆ ಸದಾ ಉಳ್ಳಾಗಡ್ಡಿಯ ವಾಸನೆ ಇರುತ್ತಿತ್ತು. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸಿಪ್ಪೆಯ ನೇರಳೆ ಬಣ್ಣ ಕೂತುಬಿಟ್ಟಿತ್ತು. ಹಾಗೆಂದು ಅವರು ಅಡುಗೆ ಮಾಡುತ್ತಿದ್ದರು ಅಂದುಕೊಳ್ಳಬೇಡಿ. ಊಟ ನಮ್ಮಲ್ಲೇ. ಉಳ್ಳಾಗಡ್ಡಿಗಳನ್ನು ಅವರು ಕಿಟಕಿಯ ಕಟ್ಟೆಯಲ್ಲಿ ಸಾಲಾಗಿ ಗ್ಲಾಸುಗಳ ಮೇಲೆ ಕೂರಿಸುತ್ತಿದ್ದರು.

ನೀವು ಈಗ ಓದಲು ಕೂರುವ ಮುಂದಿನ ಕೋಣೆಯೇ ಅವರದು. ನಿಮ್ಮ ತಾತ ತೀರಿಕೊಂಡ ಮೇಲೆ ಅದನ್ನು ಬಾಡಿಗೆಗೆ ಕೊಟ್ಟೆ. ಅವರು ಕುರುಗೋಡಿನವರು, ಬಳ್ಳಾರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಕಾರ್ಖಾನೆಗಳು ಹೊರಬಿಡುವ ನೀರಿನಲ್ಲಿ ವಿಷ ಇದೆಯೇ ಎಂದು ಪರೀಕ್ಷಿಸುವುದು ಅವರಿಗೆ ಪಾಠದಷ್ಟೇ ಮುಖ್ಯವಾದ ಕೆಲಸ. ಉಳ್ಳಾಗಡ್ಡಿಯ ಹಳೆಯ ಒಣಬೇರು ಕೆರೆದು, ಬುಡ ನೀರಿಗೆ ತಾಗುವಂತೆ ಗ್ಲಾಸಿನ ಬಾಯಿಗೆ ಇಡಬೇಕು. ಒಂದರಲ್ಲಿ ಒಳ್ಳೆಯ ನೀರು. ಉಳಿದವುಗಳಲ್ಲಿ ಕಾರ್ಖಾನೆಯ ನೀರು, ಒಂದರಲ್ಲಿ ಹಾಗೆಯೇ, ಮುಂದಿನವುಗಳಲ್ಲಿ ಒಳ್ಳೆಯ ನೀರು ಬೆರೆಸಿ ತೆಳ್ಳಗೆ ಮಾಡಿ. ಕೆಲವು ದಿನ ಬಿಟ್ಟು ಬೇರು ಎಷ್ಟು ಇಳಿದಿದೆ ಎಂದು ಅಳೆಯುವುದು. ಬೇರು ಕೆರೆಯುವ ಕೆಲಸ ಮೆಲ್ಲಗೆ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ನಾನು ಕಿಟಕಿಯ ಹತ್ತಿರ ಹೋದರೆ ಒಳಗಿನಿಂದಲೇ ಕೂಗುತ್ತಿದ್ದರು: "ಅಕ್ಕಾರ, ಚಲೋ ನೀರಿನ ಗ್ಲಾಸು ಮೊದ್ಲು ನೋಡ್ರಿ!" ಅದನ್ನು ನೋಡದೆ ಬೇರೆ ಗ್ಲಾಸಿನ ಕಡೆ ಅವರು ತಾವೂ ತಿರುಗುತ್ತಿರಲಿಲ್ಲ.

ಒಂದು ದಿನ ಸಿರುಗುಪ್ಪದ ಕಡೆಯ ನನ್ನ ತವರಿನಿಂದ ಅಣ್ಣ ಬಂದ. ಊರಾಚೆ ಹೊಸದಾಗಿ ಕಾಗದದ ಫ್ಯಾಕ್ಟರಿ ಶುರುವಾಗಿತ್ತು.

"ಹಳ್ಳದ ನೀರು ಚಾ ಆಗೇತಿ ತಂಗಿ. ಎಮ್ಮಿ ಮೂಸಿ ನೋಡಿ ಹಿಂದಕ್ಕ ಬರಾಕತ್ಯಾವು. ಭತ್ತದ ಸಸಿ ಹಳದಿ ತಿರುಗ್ಯಾವು. ಮ್ಯಾನೇಜರನ್ನ ಕೇಳಿದ್ರ, ಬರೇ ಬಣ್ಣ, ವಿಷ ಇಲ್ಲ ಅಂತಾನ."

ಊರಿಗೆ ಆ ಹಳ್ಳ ಬಿಟ್ಟರೆ ದನಕ್ಕೂ ಸಸಿಮಡಿಗೂ ಬೇರೆ ನೀರಿಲ್ಲ. ಮೇಡಂ ಎಲ್ಲ ಕೇಳಿಸಿಕೊಂಡು, "ಬಣ್ಣ ನೋಡಿ ಹೇಳಾಕ ಬರಂಗಿಲ್ರಿ. ಫ್ಯಾಕ್ಟರಿ ಕೊಳವಿ ನೀರು ಒಂದು ಕ್ಯಾನು ತರ್ರಿ. ಕೊಳವಿಗಿಂತ ಮ್ಯಾಲಿನ ಹಳ್ಳದ ನೀರೂ ಒಂದು ಕ್ಯಾನು ತರ್ರಿ" ಎಂದರು. ಮೇಲಿನ ನೀರೇ ನಮಗೆ ಒಳ್ಳೆಯ ನೀರು.

ಅಣ್ಣ ತಂದುಕೊಟ್ಟ. ಪರೀಕ್ಷೆಯ ಫಲ ನೋಡಲು ಊರಿನ ಹಿರಿಯರನ್ನೂ ಕರೆದುಕೊಂಡು ಬಂದ. ಫ್ಯಾಕ್ಟರಿ ನೀರಿನ ಗಡ್ಡೆಗಳಲ್ಲಿ ಬೇರು ಜೋಳದ ಕಾಳಿನಷ್ಟಕ್ಕೇ ನಿಂತು ತುದಿ ಕಂದಿತ್ತು. "ಗೆದ್ವಿ!" ಎಂದು ಅಣ್ಣ ಚಪ್ಪಾಳೆ ತಟ್ಟಿದ. ಮೇಡಂ ಒಳ್ಳೆಯ ನೀರಿನ ಗ್ಲಾಸನ್ನು ಬೆಳಕಿಗೆ ಹಿಡಿದುಕೊಂಡೇ ಇದ್ದರು. ಅದರಲ್ಲೂ ಬೇರು ಮೊಂಡು.

"ಇದು ಲೆಕ್ಕಕ್ಕ ಬರಂಗಿಲ್ರಿ. ಮತ್ತ ಮಾಡಬೇಕು."

ಅಣ್ಣನಿಗೆ ಸಿಟ್ಟು ಏರಿತು. "ಯಾಕ್ರಿ ಮೇಡಂ, ಫ್ಯಾಕ್ಟರಿಯೋರು ಚಾ ಕುಡಿಸ್ಯಾರೇನು?"

"ಚಾ ಕುಡಿಸಿದ್ದು ನಿಮ್ಮ ತಂಗಿ. ಸಕ್ರಿ ಕಮ್ಮಿ ಇತ್ತು," ಎಂದರು ಮೇಡಂ. ಹಿರಿಯರು ನಕ್ಕರು. "ಅದಿರಲಿ, ಮ್ಯಾಲಿನ ನೀರು ಇಷ್ಟು ತಿಳಿ ಹ್ಯಾಂಗ ಐತಿ? ಮಳಿಗಾಲದ ಹಳ್ಳ ಅಲ್ಲೇನು?"

ಅಣ್ಣ ಹೆಮ್ಮೆಯಿಂದಲೇ ಹೇಳಿದ: "ಕೆಂಪು ರಾಡಿ ಇತ್ರಿ. ನಿಮ್ಮಂಥೋರ ಮನಿಗೆ ರಾಡಿ ನೀರು ಒಯ್ಯಾಕ ಮನಸ್ಸು ಬರ್ತೈತೇನು? ನನ್ನ ಹೇಣ್ತಿ ಕೊಡದಾಗ ಪಟಿಕ ತಿರುವಿ, ತಿಳಿ ಮಾಡಿ, ಬಟ್ಟಿ ಕಟ್ಟಿ ಸೋಸಿ ಕೊಟ್ಲು."

ಮೇಡಂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಮ್ಮ ಕಡೆ ಮನೆಗೆ ಬಂದವರಿಗೆ ಕೊಡುವ ನೀರಿಗೆ ಪಟಿಕ ತಿರುವುವುದು ಮರ್ಯಾದೆ. ಅದನ್ನು ಕುಡಿದೇ ನಾವೆಲ್ಲ ದೊಡ್ಡವರಾದವರು. ಆದರೆ ಉಳ್ಳಾಗಡ್ಡಿಯ ಎಳೆ ಬೇರಿಗೆ ಪಟಿಕ ಆಗದು, ತುದಿ ಸುಟ್ಟ ಹಾಗೆ ನಿಂತುಬಿಡುತ್ತದಂತೆ.

"ಅಣ್ಣಾರ, ಇದನ್ನ ಹಿಡಕೊಂಡು ಹೋದ್ರ ಅವರು ಒಂದ ಮಾತಿನಾಗ ಮುಗಿಸ್ತಾರ, ನಿಮ್ಮ ಚಲೋ ನೀರಾಗೂ ಬೇರು ಬಂದಿಲ್ಲ ಅಂತ. ಆಮ್ಯಾಲ ನಿಜ ಹೇಳಿದ್ರೂ ಯಾರೂ ಕೇಳಂಗಿಲ್ಲ."

ಮೇಡಂ ಮರುದಿನವೇ ಬಸ್ಸು ಹತ್ತಿದರು. ನನ್ನನ್ನೂ ಎಳೆದುಕೊಂಡು ಹೋದರು. ಸೀರೆ ಎತ್ತಿ ಕಟ್ಟಿ ಹಳ್ಳಕ್ಕಿಳಿದು, ಅದೇ ನೀರಿನಿಂದ ಕ್ಯಾನು ಗಲಬರಿಸಿ, ರಾಡಿಯನ್ನು ರಾಡಿಯಾಗಿಯೇ ತುಂಬಿಕೊಂಡರು. ನನ್ನ ಅತ್ತಿಗೆ ದಂಡೆಯ ಮೇಲೆ ನಿಂತು, "ಅಯ್ಯ, ಹಂಗ ಒಯ್ತೀರೇನ್ರಿ!" ಎಂದು ಗಲ್ಲ ಬಡಿದುಕೊಂಡಳು.

ಈ ಸಲ ಮೇಲಿನ ನೀರಿನ ಗ್ಲಾಸಿನಲ್ಲಿ ಬೇರು ಮುದುಕನ ಬಿಳಿ ಗಡ್ಡದಂತೆ ಇಳಿಯಿತು. ಹಾಗೆಯೇ ಇಟ್ಟ ಫ್ಯಾಕ್ಟರಿ ನೀರಿನದು ಮೊಂಡಾಗಿಯೇ ಉಳಿಯಿತು. ತೆಳ್ಳಗೆ ಮಾಡಿದಷ್ಟೂ ಬೇರು ಉದ್ದ.

ಊರ ಶಾಲೆಯಲ್ಲಿ ಸಭೆ ಸೇರಿತು. ಮ್ಯಾನೇಜರೂ ಬಂದಿದ್ದ. ಬಾಗಿಲ ಮರೆಯಿಂದ ಬಿಟ್ಟರೆ ಗಂಡಸರ ಮುಂದೆ ಮಾತಾಡಿ ಗೊತ್ತಿಲ್ಲದ ನನ್ನ ಕೈಗೆ ಮೇಡಂ ಗ್ಲಾಸು ಕೊಟ್ಟು, "ಬೇರು ಕೆರೆದೋರು, ದಿನಾ ನೋಡಿದೋರು ನೀವು. ನೀವ ಹೇಳ್ರಿ" ಎಂದರು. ಇನ್ನೊಂದು ಕೈಗೆ ಫ್ಯಾಕ್ಟರಿ ನೀರಿನದನ್ನೂ ತೆಗೆದುಕೊಂಡೆ.

"ಈ ನೀರಾಗ ಬೇರು ಬಂದಾವ್ರಿ. ಇದರಾಗ ಬಂದಿಲ್ಲ," ಎಂದೆ.

"ಗಡ್ಡೆಗಳೇ ಕೆಟ್ಟಿದ್ದವೇನೋ ಅಮ್ಮ?" ಎಂದ ಮ್ಯಾನೇಜರ್.

"ಒಂದ ಚೀಲದ ಗಡ್ಡಿರಿ. ಚಲೋ ನೀರಿನ ಗ್ಲಾಸು ಮೊದ್ಲು ನೋಡ್ರಿ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವನು ಗ್ಲಾಸು ತೆಗೆದುಕೊಂಡು ನೋಡಿ ನನಗೇ ವಾಪಸು ಕೊಟ್ಟ. ಆಮೇಲೆ ಸರ್ಕಾರದವರೂ ನೀರು ಒಯ್ದು, ಅದರಲ್ಲಿ ಮೀನು ಬಿಟ್ಟು ನೋಡಿದರು. ಅವರಿಗೂ ಅದೇ ಉತ್ತರ ಸಿಕ್ಕಿತು. ಹಳ್ಳಕ್ಕೆ ಬಿಟ್ಟಿದ್ದ ಕೊಳವೆ ಮುಚ್ಚಿಸಿದರು. ಈಗ ಎಮ್ಮೆಗಳು ಆ ಹಳ್ಳದ ನೀರಿನಲ್ಲೇ ಬಿದ್ದುಕೊಂಡಿರುತ್ತವೆ. ಊರಿಗೆ ಹೋದಾಗ ನೀವೂ ನೋಡಿದ್ದೀರಿ.

ಹೋದ ವರ್ಷ ಮೇಡಂ ಕುರುಗೋಡಿನಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮನೆಯ ಕಿಟಕಿಯಲ್ಲೂ ಗ್ಲಾಸುಗಳ ಸಾಲು ಇತ್ತು. ಜನ ಅಳುತ್ತಿದ್ದರು, ನನ್ನ ಕಣ್ಣು ಮಾತ್ರ ಮೊದಲು ಒಳ್ಳೆಯ ನೀರಿನ ಗ್ಲಾಸನ್ನು ಹುಡುಕಿತು. ಬೇರು ಚೆನ್ನಾಗಿ ಇಳಿದಿತ್ತು. ಆಮೇಲೆ ನಾನೂ ಅತ್ತೆ.

ಆ ಗ್ಲಾಸುಗಳನ್ನು ಅವರ ತಮ್ಮ ನನಗೇ ಕೊಟ್ಟರು. ಮುಂದಿನ ಕೋಣೆಯ ಗೂಡಿನಲ್ಲಿವೆ. ನಾನು ಬರೆದ ಈ ಹಾಳೆಗಳನ್ನೂ ಅಲ್ಲೇ ಇಡಿ. ಯಾವುದಾದರೂ ಊರಿನವರು ನೀರು ಹಿಡಿದುಕೊಂಡು ಬಂದರೆ ಗ್ಲಾಸು ಕೊಡಿ, ಒಡೆದರೂ ಚಿಂತೆಯಿಲ್ಲ. ಹಾಳೆಗಳು ಮಾತ್ರ ನಿಮ್ಮ ಹತ್ತಿರ ಜೋಪಾನವಾಗಿರಲಿ.