ಸದ್ದು ಮಾಡದ ಕೀಬೋರ್ಡು

ಬೆಂಗಳೂರಿನಿಂದ ಬಂದ ಆ ಡಬ್ಬಿಯನ್ನು ಬಿಚ್ಚುವಷ್ಟರಲ್ಲೇ ನನಗೆ ಸಾಕಾಗಿಹೋಯಿತು. ಡಬ್ಬಿಯೊಳಗೆ ಇನ್ನೊಂದು ಡಬ್ಬಿ, ಅದರೊಳಗೆ ಬಟ್ಟೆಯ ಚೀಲ, ಚೀಲದೊಳಗೆ ಪ್ಲಾಸ್ಟಿಕ್ ಹೊದಿಕೆ. ಮದುಮಗಳನ್ನು ಕಳಿಸುವವರೂ ಇಷ್ಟು ಸುತ್ತಿ ಕಳಿಸುವುದಿಲ್ಲ. ಎಲ್ಲ ಕಳಚಿದ ಮೇಲೆ ಸಿಕ್ಕಿದ್ದು ಒಂದು ಕೀಬೋರ್ಡು, ಅದೂ ಅರ್ಧ. ಬಲಗಡೆಯ ಅಂಕಿಗಳ ಗುಂಪಿಲ್ಲ, ಎಲ್ಲಕ್ಕಿಂತ ಮೇಲಿನ ಎಫ್ ಕೀಗಳ ಸಾಲಿಲ್ಲ. ಚಪಾತಿ ಮಣೆಗಿಂತ ಚಿಕ್ಕದು, ತೂಕ ಮಾತ್ರ ರುಬ್ಬುಗುಂಡಿನದು. ಕೀಗಳ ಮೇಲೆ ಒಂದಕ್ಷರವನ್ನೂ ಬರೆದಿಲ್ಲ. ಇಂಥವನ್ನು ಶೋಕಿಗಾಗಿ ಹುಡುಕಿ ಕೊಳ್ಳುವ ಜನ ಇದ್ದಾರೆ ಅಂದರೆ ರಾಯದುರ್ಗದಲ್ಲಿ ಯಾರೂ ನಂಬುವುದಿಲ್ಲ.

ಅದು ನನ್ನ ಕೈಗೆ ಬಂದದ್ದು ನನ್ನ ಬಾಯಿಯ ದೆಸೆಯಿಂದ. ಬೆಂಗಳೂರಿನಲ್ಲಿ ಒಬ್ಬರು ಕೀಬೋರ್ಡುಗಳನ್ನು ಬಿಚ್ಚಿ, ಜೋಡಿಸಿ, ತಟ್ಟಿ, ಅವುಗಳ ಸದ್ದನ್ನು ಕೇಳಿಸುತ್ತ ಕನ್ನಡದಲ್ಲಿ ವಿಡಿಯೋ ಮಾಡುತ್ತಾರೆ. ಊಟವಾದ ಮೇಲೆ ಅದನ್ನು ನೋಡುವುದು ನನಗೊಂದು ಚಟ. ಒಂದು ದಿನ ತಡೆಯಲಾರದೆ ಅದರ ಕೆಳಗೆ ಬರೆದೆ: 'ಎರಡು ಸಾಲು ಹೊಡೆದು ಬೆರಳಿಗೆ ಸುಖ ಅನ್ನಬೇಡಿ ಸ್ವಾಮಿ. ಬೆಳಗಿನಿಂದ ಕಚೇರಿ ಬಾಗಿಲು ಮುಚ್ಚುವತನಕ ಹೊಡೆದು ನೋಡಿ, ಆಮೇಲೆ ಮಾತಾಡಿ.' ಆ ಮನುಷ್ಯ ಬೇಜಾರು ಮಾಡಿಕೊಳ್ಳಲಿಲ್ಲ. ನಂಬರು ಕೇಳಿ ಪಡೆದು ಫೋನು ಮಾಡಿದರು.

"ಸಾರ್, ನಿಮ್ಮಷ್ಟು ಟೈಪ್ ಮಾಡೋರು ನಮ್ಮಲ್ಲಿ ಯಾರೂ ಇಲ್ಲ. ಒಂದು ಕಳಿಸ್ತೀನಿ. ಬಳಸಿ ನೋಡಿ, ಅನ್ಸಿದ್ದು ಬರೀರಿ, ಆಮೇಲೆ ವಾಪಸ್ ಕಳಿಸಿ. ಬೈದ್ರೂ ಪರವಾಗಿಲ್ಲ."

ಬೈದದ್ದಕ್ಕೇ ಕೆಲಸ ಸಿಕ್ಕಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ನಮ್ಮದು ರಾಯದುರ್ಗದ ರಿಜಿಸ್ಟ್ರಿ ಕಚೇರಿಯ ಓಣಿಯಲ್ಲಿ ಒಂದು ಕೋಣೆಯ ಅಂಗಡಿ. ಹೊಲ ಮಾರುವವರು, ಕೊಳ್ಳುವವರು, ಪಾಲು ಮಾಡಿಕೊಳ್ಳುವವರು ಬಂದು ಪತ್ರ ಮಾಡಿಸಿಕೊಂಡು ಹೋಗುತ್ತಾರೆ. ಗಡಿಯಾಚೆಯ ಊರು, ಮನೆಯ ಮಾತು ಕನ್ನಡ, ಪತ್ರದ ಮಾತು ತೆಲುಗು. ಪತ್ರದ ಕರಡನ್ನು ನನ್ನ ಹೆಂಡತಿ ಓದುತ್ತಾಳೆ, ನಾನು ಹೊಡೆಯುತ್ತೇನೆ. ಅವಳು ಮಡಕಶಿರದವಳು, ನನ್ನ ಸೋದರಮಾವನ ಮಗಳು. ಟೈಪಿಂಗ್ ಕಲಿಯಲು ನಾನು ಮಾವನ ಮನೆಯಲ್ಲಿದ್ದಾಗ ಅವಳೂ ಅದೇ ಇನ್‌ಸ್ಟಿಟ್ಯೂಟಿಗೆ ಬರುತ್ತಿದ್ದಳು. ಅಲ್ಲಿ ಗುರುಗಳು ಯಂತ್ರದ ಮೇಲೆ ತಗಡಿನ ಮುಚ್ಚಳ ಇಟ್ಟು ಅದರಡಿಯಲ್ಲಿ ಕೈ ತೂರಿಸಿ ಹೊಡೆಸುತ್ತಿದ್ದರು. ಹಾಗಾಗಿ ಅಕ್ಷರವಿಲ್ಲದ ಕೀ ನನಗೇನೂ ಹೊಸದಲ್ಲ. ಹೊಸದಾದದ್ದು ಬೇರೆ.

ನಾವು ಕೆಲಸ ಮಾಡುವ ರೀತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಳೆಯ ಮರದ ಮೇಜು. ಈ ಕಡೆ ನಾನು, ಆ ಕಡೆ ಅವಳು. ಅವಳ ಬಲಗೈಯಲ್ಲಿ ಕಾಗದ, ಎಡ ಅಂಗೈ ಮೇಜಿನ ಮೇಲೆ. ಒಂದು ಸಾಲು ಓದಿ ನಿಲ್ಲಿಸುತ್ತಾಳೆ. ನಾನು ಹೊಡೆದು ಮುಗಿಸುತ್ತಲೇ ಮುಂದಿನ ಸಾಲು. ತಲೆಯೆತ್ತಿ ನನ್ನ ಕಡೆ ನೋಡುವುದಿಲ್ಲ, 'ಆಯ್ತಾ' ಎಂದು ಕೇಳುವುದಿಲ್ಲ. ನಾನೂ ಅಷ್ಟೆ, ಅವಳು ಓದದಿದ್ದರೆ ನನ್ನ ಬೆರಳು ಓಡುವುದಿಲ್ಲ. ಸ್ವಂತಕ್ಕೆ ಒಂದು ಅರ್ಜಿ ಬೇಕಾದರೂ ಮೊದಲು ಕಾಗದದ ಮೇಲೆ ಬರೆದು ಅವಳಿಂದ ಓದಿಸಿಯೇ ಹೊಡೆಯುತ್ತೇನೆ. ಇದು ಒಬ್ಬರ ಕೆಲಸವಲ್ಲ. ಈ ಜೋಡಿ ತಪ್ಪಿದರೆ ಅಂಗಡಿಯೇ ಇಲ್ಲ ಎಂಬುದು ಇಬ್ಬರಿಗೂ ಗೊತ್ತು.

ಮೇಜಿನ ಮೇಲೆ ಅದುವರೆಗೆ ಇದ್ದದ್ದು ಕಬ್ಬಿಣದ ತಳವಿರುವ, ಗುಜರಿಯಲ್ಲಿ ಸಿಕ್ಕ ದೊಡ್ಡ ಕೀಬೋರ್ಡು. ಹೊಡೆದರೆ ಓಣಿಗೆಲ್ಲ ಕೇಳಿಸುತ್ತಿತ್ತು. ನೀರಿನ ಲೋಟ ಇಟ್ಟರೆ ನಡುಗುತ್ತಿತ್ತು. ಸಂಜೆಯ ಹೊತ್ತಿಗೆ ನನ್ನ ಬೆರಳುಗಳು ಮಡಚಲು ಬಾರದಷ್ಟು ಸೆಟೆದುಕೊಳ್ಳುತ್ತಿದ್ದವು. ಮುದ್ದೆ ಮುರಿಯಲು ಕೂಡ ಕಷ್ಟ.

ಹೊಸದನ್ನು ಜೋಡಿಸಿ ಮೊದಲ ಪತ್ರ ಹೊಡೆದಾಗ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬರುವಷ್ಟು ಹಾಯೆನಿಸಿತು. ಬೆರಳು ಇಟ್ಟರೆ ಸಾಕು, ಕೀ ತಾನಾಗಿ ಇಳಿಯುತ್ತದೆ. ಒಳಗೆಲ್ಲ ಫೋಮಿನ ಹಾಸು, ರಬ್ಬರಿನ ಮೇಲೆ ಕೂರಿಸಿದ ತಗಡು. ಹೊಡೆದದ್ದು ಹೊಡೆಯುವವನಿಗೇ ಕೇಳಿಸುವುದಿಲ್ಲ. ಅಂಕಿ ಹೊಡೆಯಲು ಮಾತ್ರ ಗೋಳು. ಸರ್ವೆ ನಂಬರುಗಳನ್ನು ಮೇಲಿನ ಸಾಲಿನಲ್ಲಿ ಒಂದೊಂದಾಗಿ ಹುಡುಕಬೇಕು. ಅದನ್ನೂ ರೂಢಿ ಮಾಡಿಕೊಳ್ಳುತ್ತಿದ್ದೆ. ಅಂದು ಊಟಕ್ಕೆ ಕೂತಾಗ ಬೆರಳು ನೋಯಲಿಲ್ಲ. ಇದನ್ನು ವಾಪಸ್ ಕಳಿಸುವುದು ಬೇಡ, ಹೇಗಾದರೂ ಇಟ್ಟುಕೊಳ್ಳೋಣ ಎಂದು ಆಗಲೇ ಮನಸ್ಸು ಮಾಡಿದ್ದೆ.

ಕೆಡುಕು ಅಲ್ಲಿಂದಲೇ ಶುರುವಾಯಿತು. ಹೆಂಡತಿ ಒಂದು ಸಾಲು ಓದಿ ಸುಮ್ಮನೆ ಕೂರುತ್ತಿದ್ದಳು. ನಾನು ಮುಗಿಸಿ ಕಾಯುತ್ತಿದ್ದೆ, ಅವಳೂ ಕಾಯುತ್ತಿದ್ದಳು. ಮತ್ತೊಮ್ಮೆ ನಾನು ಅರ್ಧ ಸಾಲಿನಲ್ಲಿರುವಾಗಲೇ ಮುಂದಿನದಕ್ಕೆ ಹಾರುತ್ತಿದ್ದಳು. ಇಷ್ಟು ವರ್ಷದಲ್ಲಿ ಎಂದೂ ಇಲ್ಲದ್ದು. "ನಿಲ್ಲು, ನಿಲ್ಲು" ಅಂದರೂ ಕಾಗದದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮೊಂಡುತನ ಎಂದುಕೊಂಡೆ. ಹಿಂದಿನಿಂದ ಕರೆದರೆ ಓಗೊಡದಿರುವುದು, ಬಂದವರಿಗೆಲ್ಲ "ಮುಖ ಕಾಣಂಗೆ ಕೂತ್ಕಳ್ಳಿ" ಎಂದು ಅಪ್ಪಣೆ ಮಾಡುವುದು, ಇವೆಲ್ಲ ಅವಳ ಜರ್ಬು ಎಂದೇ ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಕಣೇಕಲ್ಲು ಕಡೆಯ ಗದ್ದೆಯೊಂದರ ಕ್ರಯಪತ್ರ. ನಮ್ಮಲ್ಲಿ ಪತ್ರ ಅಚ್ಚಾದ ಮೇಲೆ ಚೆಕ್ಕುಬಂದಿಯನ್ನು, ಅಂದರೆ ಗದ್ದೆಯ ನಾಲ್ಕು ದಿಕ್ಕಿಗೆ ಯಾರ ಯಾರ ನೆಲವಿದೆ ಎಂಬುದನ್ನು, ಮಾರುವವರಿಗೂ ಕೊಳ್ಳುವವರಿಗೂ ಒಟ್ಟಿಗೆ ಕೂರಿಸಿ ಓದಿ ಹೇಳುವುದು ಪದ್ಧತಿ. ಅವಳೇ ಓದಿದಳು. ಪೂರ್ವ ಆಯಿತು, ಪಶ್ಚಿಮ ಆಯಿತು, ನೇರವಾಗಿ ದಕ್ಷಿಣ ಬಂತು. ಕೊಳ್ಳುವವರು ಹಿರಿಯರು, ತಲೆ ಕೆರೆದುಕೊಂಡು ತೆಲುಗಿನಲ್ಲಿ ಕೇಳಿದರು:

"ಉತ್ತರಂ ಎಕ್ಕಡಿಕಿ ಪೋಯಿಂದಿ ಸಾರ್?"

ಉತ್ತರ ದಿಕ್ಕು ಎಲ್ಲಿಗೂ ಹೋಗಿರಲಿಲ್ಲ. ನಾನು ಪಶ್ಚಿಮ ಹೊಡೆಯುತ್ತಿರುವಾಗ ಅವಳು ಉತ್ತರವನ್ನು ಓದಿ ಮುಗಿಸಿದ್ದಳು. ಪತ್ರ ಕಚೇರಿಗೆ ಹೋಗಿರಲಿಲ್ಲ, ಪುಣ್ಯ. ಆದರೆ ಮಾನ ಹೋಯಿತು. ಅವರನ್ನು ಕಳಿಸಿದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ.

"ಎಲ್ಲೈತಿ ನಿನ್ನ ಗ್ಯಾನ? ಓದಾಕ ಆಗದಿದ್ರ ಹೇಳು. ಬ್ಯಾರೆ ಯಾರನ್ನಾರ ಇಟ್ಕೊಳ್ಳಾಣ, ನೀ ಮನ್ಯಾಗ ಕುಂದ್ರು."

"ನನ್ನ ಗ್ಯಾನ ನೆಟ್ಟಗೇ ಐತೆ. ಈ ಮಣೆನೇ ನೆಟ್ಟಗಿಲ್ಲ. ಮೊದ್ಲು ಇದನ್ನ ಕಳಿಸ್ಬಿಡಿ" ಎಂದಳು. ಅಷ್ಟು ಹೇಳಿ ಮುಖ ತಿರುಗಿಸಿದಳು. ಬೇರೆ ದಿನವಾಗಿದ್ದರೆ ನನ್ನ ಮಾತಿಗೆ ಎರಡು ಮಾತು ಸೇರಿಸಿಯೇ ಕೊಡುತ್ತಿದ್ದವಳು. ಮನೆಯಲ್ಲಿ ಕೂರು ಅಂದದ್ದು ಅವಳಿಗೆ ಎಲ್ಲಿ ತಾಗಿತು ಎಂದು ನನಗೆ ಆಗ ತಿಳಿಯಲಿಲ್ಲ.

ಅದೇ ವಾರ ಮಡಕಶಿರಕ್ಕೆ ಹೋಗಬೇಕಾಯಿತು. ಅವಳ ತಮ್ಮ ರೇಷ್ಮೆ ಸಾಕಲು ಹೊಸ ಹುಳುಮನೆ ಕಟ್ಟಿ ಮೊದಲ ಬೆಳೆ ಇಟ್ಟಿದ್ದ, ಬಂದು ನೋಡಿ ಎಂದು ಕರೆದಿದ್ದ. ಕಲ್ಯಾಣದುರ್ಗದಲ್ಲೊಂದು, ಪಾವಗಡದಲ್ಲೊಂದು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

ರೇಷ್ಮೆ ಹುಳುವಿಗೆ ಅವರ ಕಡೆ ನಾಲ್ಕು ಜ್ವರ ಅನ್ನುತ್ತಾರೆ. ಪೊರೆ ಬಿಡುವ ಹೊತ್ತಿನಲ್ಲಿ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತವೆ, ಆಗ ಹುಳುಮನೆ ಗಪ್‌ಚಿಪ್. ನಾಲ್ಕನೆಯ ಜ್ವರ ಕಳೆದು ಎದ್ದವೆಂದರೆ ಹಗಲೂ ರಾತ್ರಿ ಮೇಯುವುದೇ ಕೆಲಸ. ಆ ಮೇಯುವ ಸದ್ದು ಹೊರಗಿನ ಕಟ್ಟೆಯತನಕ ಬರುತ್ತದೆ, ಜರಡಿಯಲ್ಲಿ ಹುರುಳಿ ಆಡಿಸಿದ ಹಾಗೆ. ಆ ಸದ್ದಿನಲ್ಲೇ ಬೆಳೆದವಳು ನನ್ನ ಹೆಂಡತಿ. ನಾನು ಮಾವನ ಮನೆಯಲ್ಲಿದ್ದಾಗ, ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದವಳು "ಮೂಲೆ ತಟ್ಟೇಲಿ ಸೊಪ್ಪು ಆಗೋಯ್ತು" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು.

ಅಂದು ಹುಳುಮನೆಯ ಬಾಗಿಲಿಗೆ ಪರದೆ ಇಳಿಬಿಟ್ಟಿದ್ದರು. ಕಾಲು ತೊಳೆದುಕೊಂಡು ಹೊರಗೇ ನಿಂತಿದ್ದೆವು. ಒಳಗೆ ಹುಳುಗಳು ಮೇಯುತ್ತಿದ್ದದ್ದು ನನಗೇ ಚೆನ್ನಾಗಿ ಕೇಳಿಸುತ್ತಿತ್ತು. ಆಗ ಅವಳು ತಮ್ಮನ ಹೆಂಡತಿಯ ಕಡೆ ತಿರುಗಿ ಕೇಳಿದಳು:

"ಯಾಕೆ, ಜ್ವರಕ್ಕೆ ಕೂತವೇನೆ? ಸದ್ದೇ ಇಲ್ವಲ್ಲ."

ಆ ಹೆಣ್ಣುಮಗಳು ನಕ್ಕುಬಿಟ್ಟಳು. "ಏನಕ್ಕ ನೀನು, ಜ್ವರ ಎದ್ದು ಎಷ್ಟೊತ್ತಾಯ್ತು! ಇಷ್ಟು ಜೋರಾಗಿ ಮೇಯ್ತಾವೆ, ಕೇಳ್ಸಲ್ವ?"

"ತಮಾಷೆಗಂದೆ ಕಣೆ" ಎಂದು ಇವಳೂ ನಕ್ಕಳು. ನಗುತ್ತಲೇ ಪರದೆ ಸರಿಸಿ ಒಳಗೆ ಕಾಲಿಟ್ಟು, ತಟ್ಟೆಗಳನ್ನು ಜೋಡಿಸಿದ್ದ ಸ್ಟ್ಯಾಂಡಿನ ಕಂಬದ ಮೇಲೆ ಎಡ ಅಂಗೈ ಇಟ್ಟು ನಿಂತಳು. ಮೇಜಿನ ಮೇಲೆ ಇಡುವ ಹಾಗೆಯೇ. ಮಡಕಶಿರದ ಹೆಣ್ಣು ಹುಳು ಮೇಯುವುದನ್ನು ಜ್ವರ ಎಂದು ತಮಾಷೆಗೂ ಅನ್ನುವುದಿಲ್ಲ.

ವಾಪಸ್ ಬರುವಾಗ ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ, ಕಲ್ಲು ಬೆಂಚಿನ ಮೇಲೆ, ಅವಳ ಮುಖಕ್ಕೆ ಮುಖ ಕೊಟ್ಟು ಕೂತು ಕೇಳಿದೆ.

"ಎಷ್ಟು ದಿನದಿಂದ ಕೇಳ್ಸವಲ್ದು?"

ಮದುವೆಗೆ ಮುಂಚೆ ಕರೆಯುತ್ತಿದ್ದಂತೆ ಕರೆದಳು. "ಬಾವ, ಎಡಗಿವಿ ಪೂರ್ತಿ ಹೋಗಿ ವರ್ಸಗಳಾದ್ವು. ಬಲಗಿವೀಲಿ ಅಷ್ಟಿಷ್ಟು. ಮುಖ ಕಂಡ್ರೆ ತಿಳೀತೈತೆ."

"ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಏನಂತಿದ್ರಿ? ಮೊನ್ನೆ ಅಂದಂಗೆ ಮನೇಲಿ ಕೂರು ಅಂತಿದ್ರಿ. ಮನೇಲಿ ಕೂತ್ಕಂಡು ನಾನೇನ್ ಮಾಡ್ಲಿ? ಆ ಮೇಜಿನ ಮುಂದೆ ಕೂತಾಗ ನಾನೂ ಒಂದು ಮನುಷ್ಯಳು."

"ಮತ್ತ ನಾ ಹೊಡೆದಿದ್ದು ನಿನಗ ಹೆಂಗ ತಿಳೀತಿತ್ತು?"

"ಮೇಜು ಅದುರ್ತಿತ್ತಲ್ಲ. ಸಾಲು ಮುಗ್ಸಿ ದೊಡ್ಡ ಕೀ ಹೊಡೆದ್ರೆ ಅಂಗೈಗೆ ಗೊತ್ತಾಗ್ತಿತ್ತು. ನೀವು ಸಿಟ್ಟಲ್ಲಿ ಹೊಡೆದ್ರೂ ಗೊತ್ತಾಗ್ತಿತ್ತು. ಈ ಮಣೆ ತಂದ್ಮೇಲೆ ಮೇಜು ಸತ್ತೋಯ್ತು. ನಾನು ಅಂದಾಜಲ್ಲಿ ಓದ್ತಿದ್ದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಎದುರಿಗೇ ಕೂತವಳ ಕಿವಿ ಹೋದದ್ದು ನನಗೆ ತಿಳಿಯದೆ, ಮರದ ಮೇಜಿಗೆ ತಿಳಿದಿತ್ತು. ಬಳ್ಳಾರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಅಂದೆ. "ತೋರ್ಸಾಣ" ಅಂದಳು. ಬಸ್ಸು ಹತ್ತುವ ಮೊದಲು ನನ್ನ ತೋಳು ಹಿಡಿದು ಹೇಳಿದಳು: "ಯಾರಿಗೂ ಹೇಳ್ಬ್ಯಾಡಿ. ಕಿವುಡಿ ಓದಿ ಬರ್ಸಿದ ಪತ್ರ ಅಂದ್ರೆ ಯಾರು ನಂಬ್ತಾರೆ?" ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ಅಂಗಡಿಯಲ್ಲಿ ಆ ಕೀಬೋರ್ಡನ್ನು ಬಿಚ್ಚಿದೆ. ಫೋಮನ್ನೆಲ್ಲ ಕಿತ್ತು ಹೊಡೆದು ನೋಡಿದೆ. ಅವಳು ಅಂಗೈ ಇಟ್ಟು ತಲೆ ಅಲ್ಲಾಡಿಸಿದಳು, ಏನೂ ಬರುತ್ತಿಲ್ಲ. ಫೋಮನ್ನು ಇದ್ದಂತೆಯೇ ತುರುಕಿ ಮುಚ್ಚಿ, ಹಳೆಯ ಕಬ್ಬಿಣದ್ದನ್ನು ಅಟ್ಟದಿಂದ ಇಳಿಸಿದೆ. ಸಂಜೆ ಬೆರಳುಗಳು ಮತ್ತೆ ಸೆಟೆದುಕೊಂಡವು. ಹೋಗಲಿ ಬಿಡು ಅಂದುಕೊಂಡೆ, ನೋವೇನೂ ಹೊಸದಲ್ಲ.

ಇನ್ನು ಉಳಿದದ್ದು ಬೆಂಗಳೂರಿನವರಿಗೆ ಬರೆದುಕೊಡಬೇಕಾದ ವಿಮರ್ಶೆ. ಎಂದಿನಂತೆ ಕಾಗದದ ಮೇಲೆ ಬರೆದೆ. ಕೀ ಹಗುರ, ಬೆರಳಿಗೆ ಹಿತ, ಮೈಕಟ್ಟು ಗಟ್ಟಿ. ಅಂಕಿ ಹೊಡೆಯುವವರಿಗೆ ಗೋಳು. ಸದ್ದಿಲ್ಲ. ಅಷ್ಟೇ. ಅವಳ ವಿಷಯ ಬರೆಯಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಕಾಗದವನ್ನು ಅವಳ ಕೈಗೆ ಕೊಟ್ಟು, ಹಳೆಯ ಕೀಬೋರ್ಡಿನ ಮುಂದೆ ಕೂತೆ.

ಅವಳು ಎಡ ಅಂಗೈಯನ್ನು ಮೇಜಿನ ಮೇಲೆ ಊರಿ ಓದಿದಳು. ಒಂದು ಸಾಲು, ಒಂದು ನಿಲುಗಡೆ. ಎಲ್ಲೂ ತಪ್ಪಲಿಲ್ಲ. 'ಸದ್ದಿಲ್ಲ' ಎಂಬಲ್ಲಿಗೆ ನಾನು ಬರೆದದ್ದು ಮುಗಿದಿತ್ತು. ಅವಳು ಮಾತ್ರ ಕಾಗದದಿಂದ ಕಣ್ಣೆತ್ತದೆ, ಚೆಕ್ಕುಬಂದಿ ಓದುವ ಅದೇ ದನಿಯಲ್ಲಿ ಮುಂದುವರಿಸಿದಳು:

"ನನ್ನ ಹೆಂಡತಿಗೆ ಕಿವಿ ಕೇಳಿಸುವುದಿಲ್ಲ. ನಾನು ಹೊಡೆಯುವುದನ್ನು ಅವಳು ಅಂಗೈಯಿಂದ ಕೇಳಿ ಮುಂದಕ್ಕೆ ಓದುತ್ತಾಳೆ. ನಮ್ಮಂಥವರಿಗೆ ಈ ಕೀಬೋರ್ಡು ಬೇಡ."

ನನ್ನ ಕೈ ನಿಂತುಹೋಯಿತು. ಅವಳು ತಲೆಯೆತ್ತಲಿಲ್ಲ. ಅಂಗೈ ಅಲ್ಲೇ ಇತ್ತು.

"ಯಾಕೆ ಬಾವ, ನಿಲ್ಸಿದ್ರಿ? ಹೊಡೀರಿ."

ನಾನು ಹೊಡೆದೆ.