ಗೇಟಿನಲ್ಲಿ ಉಳಿದ ಫೋನು

ಸೆರಗಿನ ಪಿನ್ನನ್ನು ಹಲ್ಲಿನ ನಡುವೆ ಕಚ್ಚಿಕೊಂಡೇ ನಮ್ಮ ಮೇಡಂ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದರು. ಲಕ್ಷ್ಮೇಶ್ವರದಿಂದ ಗದಗಿನವರೆಗೆ ಬಸ್ಸಿನಲ್ಲಿ ನಿಂತು ಬಂದವರ ತಲೆಯ ಮೇಲೆ ಸೆರಗು ಎಲ್ಲಿ ನಿಂತೀತು? ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೆರಗು, ಬಾಯಲ್ಲಿ ಪಿನ್ನು. ಅದರ ನಡುವೆಯೇ ಎದುರಿಗೆ ಸಿಕ್ಕವರನ್ನು ಗದರಿಸುವುದೂ ಆಗಬೇಕು. "ಯಾಕಲೇ, ನಿನ್ನಿ ಎಲ್ಲಿ ಸತ್ತಿದ್ದಿ?" ಎಂಬುದು ಪಿನ್ನಿನ ಸಂದಿಯಿಂದ ಸೀಟಿ ಹೊಡೆದ ಹಾಗೆ ಬರುತ್ತಿತ್ತು. ನಾವು ನಗು ತಡೆಯಲಾರದೆ ಗೋಡೆಯ ಕಡೆ ಮುಖ ಮಾಡುತ್ತಿದ್ದೆವು.

ಎಂ.ಕಾಂ. ತರಗತಿಯಲ್ಲಿ ಲೆಕ್ಕ ಹೊಂದದೆ ನಾನೊಮ್ಮೆ ಕಣ್ಣೀರು ಹಾಕಿದ್ದೆ. "ಅಳಾಕ ಆಮ್ಯಾಲ ಟೈಮ್ ಐತಿ, ಮೊದಲ ತಪ್ಪು ಹುಡುಕು" ಎಂದು ನನ್ನ ಪೆನ್ನನ್ನು ನನ್ನ ಕೈಗೇ ತುರುಕಿ ಮುಂದೆ ಹೋದರು. ಮಧ್ಯಾಹ್ನ ಮಾತ್ರ ನನ್ನ ಡಬ್ಬಿಯ ರೊಟ್ಟಿ ಮುರಿದುಕೊಂಡು, ನಮ್ಮವ್ವನ ಶೇಂಗಾ ಚಟ್ನಿಗೆ ತಮ್ಮ ಮನೆಯ ಚಟ್ನಿಗಿಂತ ಖಾರ ಕಡಿಮೆ ಎಂದು ತಕರಾರು ತೆಗೆದರು. ಅವರು ಸಮಾಧಾನ ಮಾಡುತ್ತಿದ್ದ ರೀತಿಯೇ ಅದು.

ಜರ್ಮನಿಯ ಕಂಪನಿಗಳನ್ನು ನೋಡಿ ಬರುವ ಅಧ್ಯಯನ ಪ್ರವಾಸ ಎಂದು ಕಾಲೇಜಿನಲ್ಲಿ ಸುದ್ದಿಯಾದಾಗ ನಾನು ಆಸೆಯನ್ನೇ ಇಟ್ಟುಕೊಂಡಿರಲಿಲ್ಲ. ನಮ್ಮಪ್ಪ ನನ್ನನ್ನು ಹುಬ್ಬಳ್ಳಿಗೇ ಒಬ್ಬಳನ್ನು ಕಳಿಸಿದವನಲ್ಲ. ಮೇಡಂ ಒಂದು ಭಾನುವಾರ ನಮ್ಮೂರು ಅಂತೂರ ಬೆಂತೂರಕ್ಕೆ ಬಂದು ಕಟ್ಟೆಯ ಮೇಲೆ ಕುಳಿತರು.

"ಗಂಡು ಹುಡುಗ್ರೂ ಬರ್ತಾರೇನ್ರಿ?" ಅಂದ ಅಪ್ಪ.

"ಬರ್ತಾರ್ರಿ. ನಾನೂ ಇರ್ತೇನಿ."

"ನೀವು ಇರ್ತೀರಿ ಅಂದ್ರ ಆತ್ರಿ."

ನಮ್ಮ ತರಗತಿಯ ಉಳಿದ ಹುಡುಗಿಯರ ಮನೆಗಳಲ್ಲೂ ಇದೇ ಮಾತು ನಡೆಯಿತು. ಮೇಡಂ ಬರದಿದ್ದರೆ ನಾವು ಯಾರೂ ಹೋಗುವಂತಿರಲಿಲ್ಲ.

ಹೊರಡುವ ಹೊತ್ತಿಗೆ ಅವರ ತಾಯಿ ಹಾಸಿಗೆ ಹಿಡಿದರು. ಮೇಡಂ ಮದುವೆಯಾದವರಲ್ಲ, ತಾಯಿ, ತಮ್ಮ, ತಮ್ಮನ ಹೆಂಡತಿ ಇಷ್ಟೇ ಅವರ ಮನೆ. ನೋಡಲು ಹೋದ ನಮಗೆ ಆ ಮುದುಕಿ ಚಹಾ ಕುಡಿಸಿಯೇ ಬಿಟ್ಟರು. "ನನಗೇನಾಗೈತಿ? ಅಕಿನ್ನ ಕರಕೊಂಡು ಹೋಗ್ರಿ, ಮನ್ಯಾಗ ಕುಂತು ನನ್ನ ಜೀವಾ ತಿಂತಾಳ" ಎಂದರು. ಮೇಡಂ ನಕ್ಕರು. ಆದರೆ ಅಂದಿನಿಂದ ಫೋನನ್ನು ಕೈಯಿಂದ ಕೆಳಗಿಡಲಿಲ್ಲ.

ಜರ್ಮನಿಗೆ ಹೋದ ಮೇಲೆ ಒಂದು ದಿನ ನಾವು ನೋಡಬೇಕಾಗಿದ್ದದ್ದು ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ. ನಮ್ಮ ಸೀಮೆಯ ಡೋಣಿ ಊರಿನ ಕಡೆ ಗುಡ್ಡದ ಮೇಲೆ ತಿರುಗುವ ಅಂಥವೇ ರೆಕ್ಕೆಗಳನ್ನು ಚಿಕ್ಕಂದಿನಿಂದ ಕಂಡ ನಮಗೆ ಅಲ್ಲಿ ಊರಿನವರೇ ಸಿಕ್ಕಂತಾಗಿತ್ತು. ಒಳಗೆ ಫೋನು ಒಯ್ಯುವಂತಿಲ್ಲ ಎಂದು ಗೇಟಿನಲ್ಲಿ ಎಲ್ಲರದನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೇಡಂ ಕೊನೆಯವರಾಗಿ ಕೊಟ್ಟರು.

ಮಧ್ಯಾಹ್ನ ನನಗೊಂದು ಕರೆ ಬಂದಿದೆ ಎಂದು ಕಚೇರಿಯ ಹುಡುಗಿಯೊಬ್ಬಳು ಕರೆದೊಯ್ದಳು. ನಮ್ಮ ಜೊತೆ ಬಂದಿದ್ದ ಸರ್ ಆ ದಿನ ಜ್ವರ ಬಂದ ಹುಡುಗನ ಜೊತೆ ಹೋಟೆಲಿನಲ್ಲೇ ಉಳಿದಿದ್ದರು. ಮಾತಾಡಿದವರು ಅವರೇ. "ಮೇಡಂ ಅವರ ತಾಯಿ ಹೋದರಂತವಾ. ಸಂಜಿ ನಮಾಜ್ ಆದಕೂಡ್ಲೇ ಮಣ್ಣು ಮಾಡ್ತಾರಂತ. ಊರಿಗೆ ಮುಟ್ಟೂತನ ಮೇಡಂಗ ಹೇಳಬ್ಯಾಡ್ರಿ ಅಂತ ಕಾಲೇಜಿನವರು ಅಂದಾರ. ನೀ ಸ್ವಲ್ಪ ಅವರ ಕಡೆ ಲಕ್ಷ್ಯ ಇಡು."

ನಮ್ಮ ಕಡೆ ದೂರ ಇದ್ದವರಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಸೀರಿಯಸ್ ಐತಿ, ಬರ್ರಿ ಎನ್ನುತ್ತೇವೆ. ಬಸ್ಸು ಹತ್ತಿ ಬರುವವರ ಎದೆ ಒಡೆಯದಿರಲಿ ಎಂಬ ಕಕ್ಕುಲಾತಿ ಅದು. ಆದರೆ ನಮ್ಮೂರಿಗೆ ಬಸ್ಸೇ ಇಲ್ಲದ ದೇಶದಲ್ಲಿ ಅದರಿಂದೇನು ಉಪಯೋಗ? ಅಲ್ಲಿ ಮಧ್ಯಾಹ್ನವೆಂದರೆ ಲಕ್ಷ್ಮೇಶ್ವರದಲ್ಲಿ ಆಗಲೇ ಬಿಸಿಲು ಇಳಿಯುತ್ತಿತ್ತು. ಮಗಳಿಗೆ ಕೊನೆಯ ಸಲ ತಾಯಿಯ ಮುಖ ಕಾಣಬೇಕಾದರೆ ಕಪಾಟಿನಲ್ಲಿದ್ದ ಆ ಫೋನು ಒಂದೇ ದಾರಿ.

ನಾನು ಹೇಳಿಬಿಟ್ಟೆ. ಪೂರ್ತಿ ಹೇಳಲೂ ಬರಲಿಲ್ಲ. "ಮೇಡಂ, ಅಮ್ಮಾರು..." ಎಂದೆ ಅಷ್ಟೇ.

"ಎಷ್ಟೊತ್ತಿಗೆ ಮಣ್ಣು?" ಎಂದು ಕೇಳಿದರು.

ಗೇಟಿಗೆ ಹೋಗಬೇಕೆಂದರೆ ಕಂಪನಿಯ ಕಾವಲಿನವರೊಬ್ಬರು ಜೊತೆಗೆ ಬರಲೇಬೇಕಂತೆ. ಕಚೇರಿಯ ಆ ಹುಡುಗಿ ಪಾಪ ಗಾಬರಿಯಾಗಿ ಯಾರಿಗೋ ಫೋನು ಮಾಡಿದಳು, ಅವರು ಇನ್ಯಾರಿಗೋ ಮಾಡಿದರು. ನಾವು ನಡೆಯುವವರಿಗೆಂದು ನೆಲದ ಮೇಲೆ ಎಳೆದ ಹಳದಿ ಗೆರೆಯ ಒಳಗೆ ನಿಂತಿದ್ದೆವು. ಓಡುವಂತಿಲ್ಲ, ಕೂಗುವಂತಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತಿಳಿಯಲಿಲ್ಲ. ಎಲ್ಲರೂ ಎಷ್ಟು ಒಳ್ಳೆಯವರಾಗಿದ್ದರೆಂದರೆ ನನಗೆ ಅಳು ಬಂತು.

ಕಪಾಟು ತೆರೆದಾಗ ಫೋನಿನ ತುಂಬ ಅವರ ತಮ್ಮ ಮಾಡಿದ ಕರೆಗಳೇ ಇದ್ದವು. ಮೇಡಂ ವಿಡಿಯೋ ಹಚ್ಚಿದರು. ಮಸೀದಿಯ ಅಂಗಳ, ಬಿಳಿ ಟೋಪಿಗಳ ಸಾಲು, ತಮ್ಮನ ಒದ್ದೆ ಗಡ್ಡ. ಅಕ್ಕ ತಮ್ಮ ಉರ್ದುವಿನಲ್ಲಿ ಮಾತಾಡಿದರು. ಗದಗಿನ ಸೀಮೆಯವರಿಗೆ ಅಷ್ಟು ಉರ್ದು ತಿಳಿಯುತ್ತದೆ. ನಿನ್ನ ಹಾದಿ ನೋಡಿ ನೋಡಿ ಈಗಷ್ಟೇ ಮುಖ ಮುಚ್ಚಿ ಕಫನ್ ಬಟ್ಟೆ ಕಟ್ಟಿದೆವು ಆಪಾ ಎಂದ ತಮ್ಮ. ಬಿಚ್ಚಿ ತೋರಿಸಲೇನು ಎಂದು ಕೇಳಿದ.

ತೋರಿಸು ಎನ್ನಿರಿ ಮೇಡಂ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೇಡಂ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡರು. ಬೇಡ, ಮಂದಿ ಕಾಲ ಮೇಲೆ ನಿಂತಿದ್ದಾರೆ, ಅಮ್ಮನನ್ನು ಇನ್ನು ತಡೆಯಬೇಡ ಎಂದರು. ಜನಾಜಾ ಎತ್ತಿ ಹೆಗಲಿಗೆ ಹೊತ್ತರು. ಆ ಕಡೆಯ ಫೋನು ಜೇಬಿಗೆ ಹೋಗಿರಬೇಕು, ಬರೀ ಕತ್ತಲೆ ಕಾಣುತ್ತಿತ್ತು. ಮೇಡಂ ಆ ಕತ್ತಲೆಯನ್ನೇ ನೋಡುತ್ತ ನಿಂತರು.

ನೀರು ತರಲೇನು ಎಂದೆ. ಅಲ್ಲಿ ನೀರು ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ಒಳಗ ಹುಡುಗ್ರು ಅದಾರ, ನಡಿ" ಎಂದು ಫೋನನ್ನು ಮತ್ತೆ ಕಪಾಟಿನವನ ಕೈಗೆ ಕೊಟ್ಟರು.

ನೀವು ಊರಿಗೆ ಹೋಗಿಬಿಡಿ ಎಂದು ರಾತ್ರಿ ನಾವೆಲ್ಲ ಹೇಳಿದೆವು. "ಹೋಗಿ ಯಾರ ಮಾರಿ ನೋಡ್ಲಿ?" ಎಂದರು. ಉಳಿದ ಕಂಪನಿಗಳಲ್ಲೂ ಮುಂದಿನ ಸಾಲಿನಲ್ಲೇ ಕುಳಿತರು, ಯಾರೂ ಪ್ರಶ್ನೆ ಕೇಳದಿದ್ದಾಗ ತಾವೇ ಕೇಳಿದರು. ನನಗೆ ಇಂದು ಕೈಯಲ್ಲೊಂದು ಕೆಲಸವಿದ್ದರೆ ಅದು ಆ ಪ್ರವಾಸದಿಂದ. ಅದು ಯಾವ ಬೆಲೆಗೆ ಸಿಕ್ಕಿತೆಂಬುದನ್ನು ನಾನು ಮರೆತಿಲ್ಲ.

ಗದಗ ಸ್ಟೇಷನ್ನಿನಲ್ಲಿ ಎಲ್ಲರ ಮನೆಯವರೂ ಬಂದಿದ್ದರು. ತಾಯಂದಿರು ಹುಡುಗಿಯರ ಕೆನ್ನೆ ಸವರುತ್ತಿದ್ದರು. ಅಪ್ಪ ಮೇಡಂಗೆ ಕೈಮುಗಿದ. ನಾನು ಅವರ ಚೀಲ ಹಿಡಿದುಕೊಂಡು ಲಕ್ಷ್ಮೇಶ್ವರದವರೆಗೆ ನಾನೂ ಬರುತ್ತೇನೆ ಎಂದು ಹಟ ಹಿಡಿದೆ.

ಅವರು ಚೀಲ ಕಸಿದುಕೊಂಡರು. "ಬ್ಯಾಡವಾ" ಎಂದರು, "ನಿಮ್ಮವ್ವ ನಿಂತಾಳ ನೋಡು, ಹೋಗು."