ಲೀಲಾಕ್ಷಿಯ ಸೌಟು ಮತ್ತು ನೆಟ್ಟಿನ ಎತ್ತರ

ಲೀಲಾಕ್ಷಿ ಕಳೆದ ಶುಕ್ರವಾರ ಬೆಳಿಗ್ಗೆ ಬಹರೈನಿನ ಅರಾದಿನ ತನ್ನ ಮನೆಯಲ್ಲಿ ತೀರಿಕೊಂಡಳು. ಹೃದಯಾಘಾತ. ಐವತ್ತೇಳು ವರ್ಷವಾಗಿತ್ತು. ಗಂಡ ಜಯರಾಜ ಚಾ ಮಾಡಿ ತಂದು ಕರೆದಾಗ ಏಳಲಿಲ್ಲ. ಅಂತ್ಯಕ್ರಿಯೆ ಇಲ್ಲೇ ನಡೆಯಿತು.

ಪೇಪರಿನಲ್ಲಿ ಬರುವಂಥ ಬದುಕಲ್ಲ ಅವಳದು. ಮುಲ್ಕಿಯ ಕಡೆಯವಳು. ಮದುವೆಯಾಗಿ ಬಹರೈನಿಗೆ ಬಂದು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿಗೆ ಸೇರಿದಳು; ಅದೇ ಆಫೀಸಿನಲ್ಲಿ ಕೂದಲು ಬೆಳ್ಳಗಾಯಿತು. ಮಕ್ಕಳಿರಲಿಲ್ಲ. ಆದರೆ ಅವಳನ್ನು ಯಾರಾದರೂ "ನೀವು ಯಾರು?" ಎಂದು ಕೇಳಿದರೆ ಇದೊಂದನ್ನೂ ಹೇಳುತ್ತಿರಲಿಲ್ಲ. "ನಾನು ಲಿಫ್ಟರ್" ಎನ್ನುತ್ತಿದ್ದಳು.

ವಾಲಿಬಾಲಿನಲ್ಲಿ ಹಾರಿ ಹೊಡೆದು ಚಪ್ಪಾಳೆ ಗಿಟ್ಟಿಸುವವರು ಬೇರೆ. ಅವರ ಕೈಗೆ ಸರಿಯಾಗಿ ಚೆಂಡೆತ್ತಿ ಕೊಡುವವಳು ಲಿಫ್ಟರ್. ತಂಡದ ಪ್ರತಿ ಚೆಂಡೂ ಅವಳ ಬೆರಳ ತುದಿಯನ್ನು ಮುಟ್ಟಿಯೇ ಮುಂದೆ ಹೋಗಬೇಕು. ಲೀಲಾಕ್ಷಿ ಕಾಲೇಜಿನಲ್ಲಿ ಆ ಕೆಲಸ ಮಾಡಿದವಳು. ಆಗ ಅವರ ಮೈದಾನದಲ್ಲಿ ನೆಟ್ ಅಳೆಯಲು ಟೇಪ್ ಇರಲಿಲ್ಲ. ಹಾಸ್ಟೆಲಿನ ಅಡುಗೆಮನೆಯಿಂದ ಒಂದು ತೆಂಗಿನ ಚಿಪ್ಪಿನ ಸೌಟು ತಂದು, ಚಿಪ್ಪನ್ನು ಅಂಗೈಯಲ್ಲಿ ಹಿಡಿದು, ಕೈಯನ್ನು ಕಿವಿಗೆ ತಾಗುವಂತೆ ನೇರ ಎತ್ತುತ್ತಿದ್ದಳು. ಸೌಟಿನ ಹಿಡಿಯ ತುದಿಗೆ ನೆಟ್ಟಿನ ಮೇಲಿನ ಹಗ್ಗ ಮುಟ್ಟಿದರೆ ಎತ್ತರ ಸರಿ. ಮಾಸ್ತರರು ಒಮ್ಮೆ ಎಲ್ಲಿಂದಲೋ ಟೇಪ್ ತಂದು ಪರೀಕ್ಷಿಸಿದಾಗಲೂ ಕೂದಲೆಳೆಯಷ್ಟು ತಪ್ಪಿರಲಿಲ್ಲವಂತೆ. ಸೌಟು ಅವಳ ಪೆಟ್ಟಿಗೆಯಲ್ಲಿ ಬಹರೈನಿಗೂ ಬಂತು. ವಾರವಿಡೀ ಸಾರು ಬಡಿಸುತ್ತಿತ್ತು, ರಜೆಯ ಬೆಳಿಗ್ಗೆ ಮನೆಯ ಹಿಂದಿನ ಖಾಲಿ ಜಾಗದಲ್ಲಿ ನಮ್ಮವರು ಆಡುವಾಗ ನೆಟ್ ಅಳೆಯುತ್ತಿತ್ತು.

ಮೇಲಿನ ಫ್ಲ್ಯಾಟಿನ ಸುರಕ್ಷಾ ಇಲ್ಲಿಯ ಕಾಲೇಜಿನ ತಂಡದ ಲಿಫ್ಟರ್. ಹೋದ ವರ್ಷ ಹಾರಿ ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟಳು. ಎಡ ಮೊಣಕಾಲಿನ ಒಳಗೆ ನಾರು ಹರಿಯಿತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ವ್ಯಾಯಾಮ ಆಯಿತು. ಡಾಕ್ಟರು "ಆಡಬಹುದು" ಎಂದರು. ಆದರೆ ಹುಡುಗಿಯ ಪಾದ ನೆಲ ಬಿಡಲು ಒಪ್ಪಲಿಲ್ಲ. ಹೊಸ ಸೀಸನ್ನಿಗೆ ಮೊದಲು ಅವಳು ಹಾರದಿದ್ದರೆ ತಂಡದಲ್ಲಿ ಜಾಗವಿಲ್ಲ.

"ಬಾ, ಬೇಸಿಗೆ ಮುಗಿಯುವುದರೊಳಗೆ ನಿನ್ನನ್ನು ನಾನು ತಯಾರು ಮಾಡ್ತೇನೆ" ಎಂದಳು ಲೀಲಾಕ್ಷಿ.

ಬೆಳಕು ಹರಿಯುವಾಗಲೇ ಇಬ್ಬರೂ ಹಿಂದಿನ ಜಾಗಕ್ಕೆ ಇಳಿಯುತ್ತಿದ್ದರು. ಬಿಸಿಲೇರಿದರೆ ಅಲ್ಲಿ ನಿಲ್ಲಲಾಗದು. ಹತ್ತಿರದ ಏರ್‌ಪೋರ್ಟಿಗೆ ತಲೆಯ ಮೇಲಿಂದ ವಿಮಾನ ಇಳಿಯುವಾಗ ಮಾತು ನಿಲ್ಲುತ್ತಿತ್ತು, ಚೆಂಡು ನಿಲ್ಲುತ್ತಿರಲಿಲ್ಲ. ಸುರಕ್ಷಾಳ ಲಿಫ್ಟ್ ವಾರದಿಂದ ವಾರಕ್ಕೆ ಚಂದವಾಯಿತು. ಹಾರುವ ಅಗತ್ಯವೇ ಬೀಳುತ್ತಿರಲಿಲ್ಲ. ಲೀಲಾಕ್ಷಿಗೆ ಹೆಮ್ಮೆಯೋ ಹೆಮ್ಮೆ.

ಇಲ್ಲಿಯ ಬೇಸಿಗೆ ಮುಗಿಯುವ ಸೆಪ್ಟೆಂಬರಿನಲ್ಲಿ ಕಾಲೇಜಿನ ಕೋಚ್ ಡೈನಾ ಸುರಕ್ಷಾಳನ್ನು ಕರೆದು ಆಡಿಸಿ ನೋಡಿದಳು. ಕೊಟ್ಟ ಚೆಂಡುಗಳೆಲ್ಲ ಗಿಡ್ಡ. ಹೊಡೆಯುವವರು ಹೊಡೆದದ್ದೆಲ್ಲ ನೆಟ್ಟಿಗೆ. "ಎರಡು ತಿಂಗಳು ಬಿಟ್ಟು ಮತ್ತೆ ನೋಡ್ತೇನೆ. ಹೀಗೇ ಆದರೆ ಕ್ಷಮಾಳನ್ನು ಇಳಿಸ್ತೇನೆ" ಎಂದಳು ಡೈನಾ. ಕ್ಷಮಾ ಕಾಯುತ್ತಿದ್ದ ಇನ್ನೊಬ್ಬ ಲಿಫ್ಟರ್.

ಮರುದಿನ ಬೆಳಿಗ್ಗೆ ಸುರಕ್ಷಾ ಬಂದದ್ದು ಜಯರಾಜನ ಟೇಪ್ ಹಿಡಿದುಕೊಂಡು.

"ಆಂಟಿ, ಒಮ್ಮೆ ಮೆಷರ್ ಮಾಡ್ತೇನೆ."

"ಟೇಪ್ ಎಂತಕ್ಕೆ ಮಾರಾಯ್ತಿ, ನಾನು ಉಂಟಲ್ಲ?"

ಅಳೆದರು. ನೆಟ್ ಹೆಚ್ಚುಕಡಿಮೆ ಒಂದು ಗೇಣು ಕೆಳಗಿತ್ತು.

"ಹಗ್ಗ ಜಗ್ಗಿರಬೇಕು" ಎಂದಳು ಲೀಲಾಕ್ಷಿ.

"ಕೈ ಎತ್ತಿ ನೋಡುವಾ."

ಲೀಲಾಕ್ಷಿ ಸೌಟು ಹಿಡಿದು ಬಲಗೈ ಎತ್ತಿದಳು. ಅವಳ ಮಟ್ಟಿಗೆ ಕೈ ಪೂರ್ತಿ ಮೇಲೇರಿತ್ತು. ಸುರಕ್ಷಾ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದಳು. ಕೈ ಕಿವಿಯ ಹತ್ತಿರ ಎಲ್ಲಿಯೂ ಇರಲಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದವರ ಹಾಗೆ ಓರೆಯಾಗಿ ಮುಂದಕ್ಕೆ ಚಾಚಿತ್ತು.

ಲೀಲಾಕ್ಷಿ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಭುಜ ಬಿಗಿದು ಎಷ್ಟು ಕಾಲವಾಗಿತ್ತೋ. ಮೇಲಿನ ಶೆಲ್ಫಿನ ಡಬ್ಬಗಳು ಯಾವಾಗಲೋ ಕೆಳಗಿಳಿದಿದ್ದವು. ಬಾಚಣಿಗೆ ಎಡಗೈಗೆ ಬಂದಿತ್ತು. ಸೌಟು ತೂಗುತ್ತಿದ್ದ ಮೇಲಿನ ಮೊಳೆ ಖಾಲಿ ಬಿದ್ದು, ಸೌಟು ಸಿಂಕಿನ ಪಕ್ಕದ ಲೋಟಕ್ಕೆ ಬಂದಿತ್ತು. ಒಂದೊಂದೇ ಆಗಿ ಆದದ್ದರಿಂದ ಅವಳಿಗೆ ಗೊತ್ತೇ ಆಗಿರಲಿಲ್ಲ.

"ಇಡೀ ಬೇಸಿಗೆ ನಿನ್ನನ್ನು ಹಾಳು ಮಾಡಿದೆನಲ್ಲ" ಎಂದಳು.

ಸುರಕ್ಷಾಳಿಗೆ ಸಿಟ್ಟಿತ್ತು. ಬೈಯಬೇಕೆಂದೇ ಬಂದಿದ್ದಳು. ಆದರೆ ತಾನೂ ಗಿಡ್ಡ ನೆಟ್ಟನ್ನು ಗಮನಿಸದವಳಂತೆ ಇದ್ದದ್ದು ಅವಳಿಗೆ ಗೊತ್ತಿತ್ತು.

"ನನಗೂ ಅದು ಈಸಿ ಇತ್ತು ಆಂಟಿ. ಹಾರ್ಬೇಕು ಅಂತ ಇರ್ಲಿಲ್ಲ, ಅದಕ್ಕೆ ಸುಮ್ಮನಿದ್ದೆ." ಆಮೇಲೆ ಲೀಲಾಕ್ಷಿಯ ಮೊಣಕೈ ಹಿಡಿದು ಗೋಡೆಯ ಕಡೆ ತಿರುಗಿಸಿದಳು. "ಬೆರಳು ಗೋಡೆಗಿಡಿ. ಜೇಡ ಹತ್ತಿದ ಹಾಗೆ ಮೇಲೆ ಹತ್ತಿಸಿ. ನನ್ನ ಫಿಸಿಯೋ ಭುಜದವರಿಗೆಲ್ಲ ಇದೇ ಮಾಡಿಸೋದು."

"ಅಯ್ಯೋ! ನೋಯ್ತದೆ."

"ನಾನು ಹೀಗೆ ಹೇಳಿದಾಗ ನೀವು ಎಂತ ಹೇಳಿದ್ರಿ? 'ನೋವಿಗೆ ಚಾ ಕೊಟ್ಟು ಕೂರಿಸು, ನೀನು ಆಡು' ಅಂತ."

"ಹೇಳುವುದು ಸುಲಭ ಇತ್ತು ಮಾರಾಯ್ತಿ."

ಅಂದಿನಿಂದ ನೆಟ್ ಟೇಪಿನ ಎತ್ತರಕ್ಕೆ ಏರಿತು. ಸುರಕ್ಷಾ ಹಾರಬೇಕಾಯಿತು. ಮೊದಲು ಕಪ್ಪೆಯ ಮರಿಯಷ್ಟು, ಎಡಗಾಲನ್ನು ಕಾಪಾಡಿಕೊಂಡು. ಲೀಲಾಕ್ಷಿ ಗೋಡೆಗೆ ಮುಖ ಮಾಡಿ ಬೆರಳು ಹತ್ತಿಸುತ್ತ, ತಿರುಗಿ ನೋಡದೆಯೇ ಬೈಯುತ್ತಿದ್ದಳು: "ಒಂದೇ ಕಾಲಲ್ಲಿ ಇಳಿದೆ. ಸದ್ದು ಕೇಳ್ತದೆ ನನಗೆ. ಎರಡೂ ಕಾಲು!" ಸಂಜೆ ಅವಳೇ ಬಿಸಿನೀರಿನ ಚೀಲ ಭುಜಕ್ಕಿಟ್ಟುಕೊಂಡು ಕೂತರೆ ಜಯರಾಜ ಕಿಚಾಯಿಸುತ್ತಿದ್ದ: "ನಿನ್ನನ್ನೂ ಕಾಲೇಜ್ ಟೀಮಿಗೆ ತಗೊಳ್ತಾರಾ ಹೇಗೆ?"

"ನೀವು ಸುಮ್ಮನೆ ಚಾ ಮಾಡಿ."

ಎರಡು ತಿಂಗಳು ಮುಗಿದು, ಹೋದ ಗುರುವಾರ ಸಂಜೆ ಡೈನಾ ಸುರಕ್ಷಾಳನ್ನು ಮತ್ತೆ ಕರೆದಳು. ಲೀಲಾಕ್ಷಿ ಆಫೀಸಿನಿಂದ ನೇರ ಕಾಲೇಜಿನ ಕೋರ್ಟಿಗೇ ಹೋದಳು. ಸುರಕ್ಷಾ ಕೋರ್ಟಿನ ಅಂಚಿನಲ್ಲಿ ಮೊಣಕಾಲು ಸವರಿಕೊಳ್ಳುತ್ತ ನಿಂತಿದ್ದಳು. ಲೀಲಾಕ್ಷಿ ಬ್ಯಾಗಿನಿಂದ ಸೌಟು ತೆಗೆದಳು. ಅದನ್ನು ಹಿಡಿದುಕೊಂಡು ಕೋರ್ಟಿನ ನಡುವೆ ನಡೆದು, ನೆಟ್ಟಿನ ಕೆಳಗೆ ನಿಂತು ಬಲಗೈ ಎತ್ತಿದಳು. ಕೈ ನಿಧಾನವಾಗಿ ಮೇಲೇರಿತು, ಕಿವಿಗೆ ತಾಗಿತು. ಸೌಟಿನ ತುದಿ ಹಗ್ಗವನ್ನು ಮುಟ್ಟಿತು.

"ಯಾರಿವರು?" ಎಂದಳು ಡೈನಾ.

"ನಮ್ಮ ಆಂಟಿ" ಎಂದಳು ಸುರಕ್ಷಾ. "ಸೌಟಿನಲ್ಲಿ ನೆಟ್ ಚೆಕ್ ಮಾಡ್ತಾರೆ."

"ಸರಿ ಉಂಟು. ಆಡಿ" ಎಂದು ಲೀಲಾಕ್ಷಿ ಅಂಪೈರನ ಗತ್ತಿನಲ್ಲಿ ಹೊರಗೆ ಬಂದಳು. ಹುಡುಗಿಯರೆಲ್ಲ ನಕ್ಕರು. ಸುರಕ್ಷಾಳೂ ನಕ್ಕಳು, ನಗುತ್ತಲೇ ಮೊದಲ ಚೆಂಡಿಗೆ ಹಾರಿದಳು. ಎರಡೂ ಕಾಲಿನ ಮೇಲೆ ಇಳಿದಳು. ಕತ್ತಲಾಗುವ ಹೊತ್ತಿಗೆ ಡೈನಾ ಅವಳ ಬೆನ್ನು ತಟ್ಟಿ, "ಮೊದಲ ಮ್ಯಾಚಿಗೆ ನೀನೇ" ಎಂದಳು.

ಮನೆಗೆ ಬಂದು ಲೀಲಾಕ್ಷಿ ಹುರುಳಿ ಸಾರು ಮಾಡಿದಳು. ಮೇಲಿನ ಮನೆಗೂ ಒಂದು ಪಾತ್ರೆ ಕೊಟ್ಟು ಬಂದಳು. ಊಟವಾದ ಮೇಲೆ ಜಯರಾಜ ಪಾತ್ರೆ ತೊಳೆಯಲು ನಿಂತ. ಅವಳು ಸೌಟನ್ನು ಮಾತ್ರ ಅವನ ಕೈಯಿಂದ ತೆಗೆದುಕೊಂಡು, ತಾನೇ ತೊಳೆದು, ಸೆರಗಿನಲ್ಲಿ ಒರೆಸಿದಳು. ಸಿಂಕಿನ ಪಕ್ಕದ ಲೋಟದಲ್ಲಿ ಇಡಲಿಲ್ಲ. ಬಲಗೈ ಎತ್ತಿ ಮೇಲಿನ ಮೊಳೆಗೆ ತೂಗುಹಾಕಿ, ಮಲಗಲು ಹೋದಳು.